ನೆತ್ತರನ್ನು ಒಲ್ಲದವರು, ನೆತ್ತರು ದೊರೆಯದವರು

ಧರ್ಮದ ಕಾರಣದಿಂದ ಅನ್ಯರ ರಕ್ತವನ್ನು ಸ್ವೀಕರಿಸಲು ಒಪ್ಪದ ರೋಗಿಯೊಬ್ಬನು ತೀವ್ರ ರಕ್ತಸ್ರಾವಕ್ಕೆ ಒಳಗಾದಾಗ ವೈದ್ಯನಾದವನು ಏನು ಮಾಡತಕ್ಕದ್ದು? ಈ ಪ್ರಶ್ನೆಯನ್ನು ಎತ್ತಿದೊಡನೆ ನಮ್ಮ ವಿದ್ಯಾವಂತರಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. "ಇದೆಂಥ ಮೌಢ್ಯ! ಕೈಕಾಲು ಹಿಡಿದು ಮಲಗಿಸಿ ರಕ್ತ ಏರಿಸಿರಿ, ಬದುಕಿಕೊಂಡ ಮೇಲೆ ಬೇಕಾದರೆ ಬೈಯಲಿ" ಎಂಬುದು ಒಂದು. "ಅವರವರ ಕರ್ಮ ಅವರವರಿಗೆ, ಬೇಡವೆಂದವನನ್ನು ಬೇರೆ ಊರಿನ ಆಸ್ಪತ್ರೆಗೆ ಸಾಗಹಾಕಿರಿ" ಎಂಬುದು ಇನ್ನೊಂದು. ಈ ಎರಡೂ ಉತ್ತರಗಳು ತಪ್ಪು ಎಂದು ವಾದಿಸುವುದಕ್ಕಾಗಿಯೇ ಲೇಖನಿಯನ್ನು ಕೈಗೆತ್ತಿಕೊಂಡಿದ್ದೇನೆ. ಮೊದಲನೆಯದು ಮನುಷ್ಯನನ್ನು ದನದಂತೆ ಕಾಣುತ್ತದೆ. ಎರಡನೆಯದು ವೈದ್ಯವೃತ್ತಿಯನ್ನು ಅಂಗಡಿಯಂತೆ ಕಾಣುತ್ತದೆ. ಇವೆರಡರ ನಡುವೆ ಮೂರನೆಯದೊಂದು ಮಾರ್ಗವನ್ನು ವೈದ್ಯಶಾಸ್ತ್ರವು ಕಳೆದ ಅರ್ಧ ಶತಮಾನದಲ್ಲಿ ಬಹು ಶ್ರಮದಿಂದ ಕಂಡುಕೊಂಡಿದೆ. ಆ ಮಾರ್ಗವು ರಕ್ತವನ್ನು ಒಲ್ಲದವರಿಗಷ್ಟೇ ಮೀಸಲಾಗಿ ಉಳಿದಿರುವುದೇ ನನ್ನ ತಕರಾರು. ಯಾವ ಧರ್ಮವೂ ನಿಷೇಧಿಸದಿದ್ದರೂ ಸಕಾಲಕ್ಕೆ ರಕ್ತ ದೊರೆಯದೆ ಕಣ್ಣುಮುಚ್ಚುವ ನಮ್ಮ ಬಾಣಂತಿಯರಿಗೆ ಅದು ಮೊದಲು ಸಲ್ಲಬೇಕಾದುದು.

ರಕ್ತವನ್ನು ಒಲ್ಲದವರು ಯಾರು ಎಂಬುದನ್ನು ಮೊದಲು ತಿಳಿಯೋಣ. ಕ್ರೈಸ್ತ ಧರ್ಮದ ಒಂದು ಕವಲಾಗಿ ಅಮೆರಿಕೆಯಲ್ಲಿ ಹುಟ್ಟಿ ಲೋಕವೆಲ್ಲ ಹರಡಿರುವ 'ಯೆಹೋವನ ಸಾಕ್ಷಿಗಳು' ಎಂಬ ಪಂಥದವರಲ್ಲಿ ಈ ನಿಯಮವು ಕಟ್ಟುನಿಟ್ಟಾಗಿದೆ. ಬೈಬಲ್ಲಿನ ಆದಿಕಾಂಡ, ಯಾಜಕಕಾಂಡ, ಅಪೊಸ್ತಲರ ಕೃತ್ಯಗಳು ಎಂಬ ಭಾಗಗಳಲ್ಲಿ ರಕ್ತವನ್ನು ವರ್ಜಿಸಬೇಕೆಂದು ಬಂದಿರುವ ವಿಧಿಯನ್ನು ಅವರು ಆಹಾರಕ್ಕೆ ಮಾತ್ರವಲ್ಲದೆ ಚಿಕಿತ್ಸೆಗೂ ಅನ್ವಯಿಸುತ್ತಾರೆ. 1945ರಲ್ಲಿ ಅವರ ಸಂಸ್ಥೆ ಈ ಅರ್ಥವನ್ನು ಸಾರಿತು. 1961ರಿಂದ ಇದನ್ನು ಮೀರಿದವರನ್ನು ಪಂಥದಿಂದ ಹೊರಹಾಕುವ ಕಟ್ಟಳೆಯೂ ಬಂದಿತು. ಇಡೀ ರಕ್ತ, ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ, ಪ್ಲಾಸ್ಮಾ ಇವನ್ನು ಅವರು ಸ್ವೀಕರಿಸುವುದಿಲ್ಲ. ಆದರೆ ಪ್ಲಾಸ್ಮಾದಿಂದ ಬೇರ್ಪಡಿಸಿದ ಆಲ್ಬುಮಿನ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಮೊದಲಾದ ಸೂಕ್ಷ್ಮ ಭಾಗಗಳ ವಿಷಯದಲ್ಲಿ ಪ್ರತಿಯೊಬ್ಬನೂ ತನ್ನ ಆತ್ಮಸಾಕ್ಷಿಯಂತೆ ತೀರ್ಮಾನಿಸಬಹುದು. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಮೈಯಿಂದ ಸೋರಿದ ರಕ್ತವನ್ನೇ ಯಂತ್ರದಲ್ಲಿ ತೊಳೆದು ಅವನಿಗೇ ಮರಳಿಸುವ ವಿಧಾನವನ್ನು ಒಪ್ಪುವವರೂ ಉಂಟು, ಒಪ್ಪದವರೂ ಉಂಟು. ಆದ್ದರಿಂದ "ಇವನು ಸಾಕ್ಷಿ ಪಂಥದವನು, ಇವನಿಗೆ ಏನೂ ಬೇಡ" ಎಂದು ದೂರದಿಂದಲೇ ನಿರ್ಣಯಿಸುವ ವೈದ್ಯನು ತನ್ನ ಕೆಲಸವನ್ನು ಅರ್ಧಕ್ಕೇ ಬಿಟ್ಟಂತೆ. ಯಾವುದು ಬೇಕು, ಯಾವುದು ಬೇಡ ಎಂದು ಒಂದೊಂದಾಗಿ ರೋಗಿಯ ಬಾಯಿಂದಲೇ, ಬಂಧುಗಳನ್ನು ಹೊರಗೆ ಕಳುಹಿಸಿ, ಕೇಳಿ ಬರೆದುಕೊಳ್ಳಬೇಕು.

ಭಾರತದಲ್ಲಿ ಈ ಪಂಥದವರ ಸಂಖ್ಯೆ ಅಲ್ಪ. ಆದರೂ ನಮ್ಮ ಸಂವಿಧಾನದ ಚರಿತ್ರೆಯಲ್ಲಿ ಅವರಿಗೊಂದು ಸ್ಥಾನವಿದೆ. ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತು ಗೌರವ ಸೂಚಿಸಿದರೂ ಹಾಡಲಿಲ್ಲವೆಂಬ ಕಾರಣಕ್ಕೆ ಹೊರಹಾಕಲ್ಪಟ್ಟ ಮೂವರು ಮಕ್ಕಳ ಪರವಾಗಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ತೀರ್ಪು ನೀಡಿತು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಮುಂದೆ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಮೂರನೆಯ ಆಯೋಗದ ಅಧ್ಯಕ್ಷರಾಗಿದ್ದರೆಂಬುದನ್ನು ಹಿರಿಯ ವಾಚಕರು ಬಲ್ಲರು. ಒಂದು ನಂಬಿಕೆ ನಮಗೆ ಸರಿತೋರುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಅದನ್ನು ನಂಬಿದವನು ಪ್ರಾಮಾಣಿಕವಾಗಿ ನಂಬಿದ್ದಾನೆಯೇ ಎಂಬುದೇ ಪ್ರಶ್ನೆ, ಎಂಬ ತತ್ತ್ವ ಆ ತೀರ್ಪಿನ ಮೂಲದಲ್ಲಿದೆ.

ಇಷ್ಟು ಓದಿದೊಡನೆ "ನಮಗೇಕೆ ಈ ಪರಧರ್ಮದ ಗೊಡವೆ?" ಎಂದು ತಾವು ಕೇಳಬಹುದು. ನಮ್ಮ ಮನೆಗಳಲ್ಲಿಯೇ ನಡೆಯುವುದನ್ನು ಸ್ವಲ್ಪ ನೆನೆಯಿರಿ. ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಯ್ಯುವ ಮುನ್ನ "ಮೈಮೇಲಿನದನ್ನೆಲ್ಲ ತೆಗೆದಿಡಿ" ಎಂದು ದಾದಿಯು ಹೇಳಿದಾಗ ಇಷ್ಟಲಿಂಗವನ್ನು ಬಿಚ್ಚಿಡಲಾರದೆ ನಮ್ಮ ಹಿರಿಯರು ಪಟ್ಟ ಸಂಕಟವು ಸುಳ್ಳೇ? ಲಿಂಗವನ್ನು ಅಂಗದಿಂದ ಬೇರ್ಪಡಿಸಿ ಬದುಕುವುದಕ್ಕಿಂತ ಹಾಗೆಯೇ ಹೋಗುವುದು ಮೇಲು ಎಂದು ಹಟ ಹಿಡಿದ ಅಜ್ಜಿಯರು ನಮ್ಮ ಮನೆಗಳಲ್ಲಿ ಇರಲಿಲ್ಲವೇ? ಅರಿವುಳ್ಳ ವೈದ್ಯರು ಆಗ ಏನು ಮಾಡುತ್ತಿದ್ದರು? ಬೈಯಲಿಲ್ಲ, ಹೊರಗಟ್ಟಲಿಲ್ಲ, ಕರಡಿಗೆಯನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಕತ್ತಿಯಾಡಿಸುವ ಜಾಗದಿಂದ ದೂರವಾಗಿ ತೋಳಿಗೆ ಕಟ್ಟಿ ಒಳಗೆ ಕರೆದೊಯ್ದರು. ಶ್ರದ್ಧೆಗೂ ಭಂಗ ಬರಲಿಲ್ಲ, ಚಿಕಿತ್ಸೆಗೂ ತಡೆಯಾಗಲಿಲ್ಲ. ನಮ್ಮ ಅಜ್ಜಿಗೆ ಬೇಕಾದ ಆ ಮರ್ಯಾದೆ ಅನ್ಯಮತದ ಅಜ್ಜಿಗೂ ಸಲ್ಲಬೇಡವೇ?

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಕಹಿಯಾದೀತು. ಸಸ್ಯಾಹಾರದ ಮನೆಗಳಲ್ಲಿ ರಕ್ತ ಏರಿಸುವ ಮಾತು ಬಂದಾಗ "ಯಾರ ರಕ್ತ? ಅವರು ಏನು ತಿನ್ನುವವರು? ಯಾವ ಜಾತಿ?" ಎಂಬ ಪಿಸುಮಾತು ಏಳುವುದುಂಟು. ಯೆಹೋವನ ಸಾಕ್ಷಿಯ ನಿರಾಕರಣೆಗೆ ಒಂದು ಗ್ರಂಥದ ಆಧಾರವಾದರೂ ಇದೆ, ತನ್ನ ಪ್ರಾಣವನ್ನೇ ಪಣವಾಗಿಡುವ ನಿಷ್ಠೆಯಾದರೂ ಇದೆ. ಕುಲವನ್ನು ಅಲ್ಲಗಳೆದ ಶರಣರ ಹೆಸರು ಹೇಳಿಕೊಂಡು ರಕ್ತದ ಜಾತಿಯನ್ನು ವಿಚಾರಿಸುವವನಿಗೆ ಯಾವ ಆಧಾರವಿದೆ? 1900–01ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಕಂಡುಹಿಡಿದ ರಕ್ತದ ಗುಂಪುಗಳು ಊರಿನ ಕೇರಿಗಳನ್ನು ಕೇಳಿ ಹಂಚಿಕೆಯಾದವಲ್ಲ. ಅಷ್ಟೇ ಏಕೆ, ನಿತ್ಯವೂ ನುಂಗುವ ಕ್ಯಾಪ್ಸೂಲಿನ ಹೊದಿಕೆ ಬಹುಮಟ್ಟಿಗೆ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ನು. ಹೃದ್ರೋಗಿಗೆ ಚುಚ್ಚುವ ಹೆಪಾರಿನ್ ಹಂದಿಯ ಕರುಳಿನಿಂದ ಬರುವಂಥದು. ಅವನ್ನು ಕೇಳದೆ ನುಂಗುವವನು, ಪಕ್ಕದ ಕೇರಿಯ ಯುವಕನ ರಕ್ತವನ್ನು ಮಾತ್ರ ಕುಲಗೋತ್ರ ಕೇಳಿ ತಡೆಯುತ್ತಾನೆ. ಇಂಥವನಿಗೆ ಸಾಕ್ಷಿಯನ್ನು ಮೂಢನೆನ್ನುವ ಅಧಿಕಾರವಿಲ್ಲ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ಪ್ರಜ್ಞೆಯಿರುವ ವಯಸ್ಕ ರೋಗಿಯ ಒಪ್ಪಿಗೆಯಿಲ್ಲದೆ ಅವನ ದೇಹದ ಮೇಲೆ ಚಿಕಿತ್ಸೆ ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸ್ಪಷ್ಟಪಡಿಸಿತು. ಆ ತೀರ್ಪನ್ನು ಬರೆದವರು ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 2018ರ ಕಾಮನ್ ಕಾಸ್ ತೀರ್ಪು ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕನು ಚಿಕಿತ್ಸೆಯನ್ನು ನಿರಾಕರಿಸಬಲ್ಲನೆಂಬುದನ್ನು ಇನ್ನಷ್ಟು ಗಟ್ಟಿಗೊಳಿಸಿತು. ಕೆನಡಾ ದೇಶದಲ್ಲಿ 1979ರಲ್ಲಿ ಅಪಘಾತಕ್ಕೀಡಾಗಿ ಎಚ್ಚರ ತಪ್ಪಿದ್ದ ಮಹಿಳೆಯೊಬ್ಬಳ ಕೈಚೀಲದಲ್ಲಿ "ರಕ್ತ ಬೇಡ" ಎಂಬ ಚೀಟಿ ಇದ್ದರೂ ವೈದ್ಯನು ರಕ್ತ ಕೊಟ್ಟು ಅವಳನ್ನು ಉಳಿಸಿದನು. ಆಕೆ ದಾವೆ ಹೂಡಿ ಗೆದ್ದಳು. 1990ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯವು ಇಪ್ಪತ್ತು ಸಾವಿರ ಡಾಲರಿನ ಪರಿಹಾರವನ್ನು ಎತ್ತಿಹಿಡಿಯಿತು. ಮಕ್ಕಳ ಮಾತು ಬೇರೆ. ತನ್ನ ನಂಬಿಕೆಗಾಗಿ ತಾನು ಪ್ರಾಣ ಕೊಡುವುದು ಒಂದು. ನಂಬಿಕೆಯನ್ನು ಆರಿಸಿಕೊಳ್ಳುವ ವಯಸ್ಸೇ ಬಾರದ ಕೂಸಿನ ಪ್ರಾಣವನ್ನು ಕೊಡುವುದು ಇನ್ನೊಂದು. ಅಮೆರಿಕ, ಇಂಗ್ಲೆಂಡು ಮೊದಲಾದ ದೇಶಗಳ ನ್ಯಾಯಾಲಯಗಳು ಮಗುವಿಗೆ ರಕ್ತ ಕೊಡಲು ಆಜ್ಞೆ ಮಾಡುತ್ತ ಬಂದಿವೆ. ಅದು ನ್ಯಾಯವೇ, ಇಲ್ಲಿ ನಾನು ಯಾವ ಧರ್ಮದ ತಂದೆತಾಯಿಗಳ ಪರವಾಗಿಯೂ ವಾದಿಸಲಾರೆ.

ಈಗ ವೈದ್ಯದ ಮಾತಿಗೆ ಬರೋಣ.

ನಮ್ಮ ಮೈಯಲ್ಲಿ ಹರಿಯುವ ಸುಮಾರು ಐದು ಲೀಟರು ನೆತ್ತರಿಗೆ ಮುಖ್ಯವಾಗಿ ಎರಡು ಕೆಲಸ: ನಾಳಗಳನ್ನು ತುಂಬಿ ಹರಿವಿನ ಒತ್ತಡವನ್ನು ಕಾಯುವುದು, ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ನಿನ ಮೂಲಕ ಅಂಗಾಂಗಗಳಿಗೆ ಪ್ರಾಣವಾಯುವನ್ನು ಒಯ್ಯುವುದು. ಮೊದಲನೆಯದನ್ನು ಉಪ್ಪುನೀರಿನ ದ್ರಾವಣ ತಾತ್ಕಾಲಿಕವಾಗಿ ನಿರ್ವಹಿಸಬಲ್ಲುದು. ಎರಡನೆಯದಕ್ಕೆ ಬದಲಿ ಪದಾರ್ಥವೊಂದನ್ನು ಸೃಷ್ಟಿಸಲು ವಿಜ್ಞಾನಿಗಳು ದಶಕಗಳಿಂದ ಹೆಣಗುತ್ತಿದ್ದರೂ ನಂಬಿಕೆಯಿಡಬಹುದಾದದ್ದು ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ. ಹಾಗಾದರೆ ರಕ್ತ ಬೇಡವೆಂದವನಿಗೆ ಮಾಡುವುದೇನು? ಇರುವ ರಕ್ತದ ಒಂದು ಹನಿಯನ್ನೂ ಕಳೆಯಗೊಡದಿರುವುದು, ಕಳೆಯುವ ಮೊದಲೇ ಅದನ್ನು ಹೆಚ್ಚಿಸಿಕೊಂಡಿರುವುದು, ಕಳೆದುಹೋದರೆ ಉಳಿದಷ್ಟರಲ್ಲಿ ದೇಹವನ್ನು ನಡೆಸುವುದು. ಕೇಳುವುದಕ್ಕೆ ಸುಲಭ, ಇದೊಂದು ಶಿಸ್ತಾಗಿ ಬೆಳೆಯಲು ಎರಡು ತಲೆಮಾರು ಬೇಕಾಯಿತು.

ಅಮೆರಿಕೆಯ ಹ್ಯೂಸ್ಟನ್ ನಗರದ ಹೃದಯ ಶಸ್ತ್ರವೈದ್ಯ ಡೆಂಟನ್ ಕೂಲಿಯವರು, ಇತರರು ಮುಟ್ಟಲು ಅಂಜುತ್ತಿದ್ದ ಸಾಕ್ಷಿ ಪಂಥದ ರೋಗಿಗಳನ್ನು ಸ್ವೀಕರಿಸಿ, ರಕ್ತ ಕೊಡದೆಯೇ ನಡೆಸಿದ 542 ಹೃದಯ ಮತ್ತು ರಕ್ತನಾಳ ಶಸ್ತ್ರಚಿಕಿತ್ಸೆಗಳ ವೃತ್ತಾಂತವನ್ನು 1977ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಹೃದಯವನ್ನು ತೆರೆಯುವುದೆಂದರೆ ಬಾಟಲಿಗಟ್ಟಲೆ ರಕ್ತ ಸಿದ್ಧವಿರಬೇಕೆಂಬುದೇ ವಾಡಿಕೆ. ಆಮೇಲೆ 2012ರಲ್ಲಿ ಕ್ಲೀವ್‌ಲ್ಯಾಂಡ್ ಆಸ್ಪತ್ರೆಯವರು ರಕ್ತ ಪಡೆಯದ 322 ಸಾಕ್ಷಿ ರೋಗಿಗಳನ್ನು, ಎಲ್ಲ ರೀತಿಯಲ್ಲೂ ಅವರಂತೆಯೇ ಇದ್ದು ರಕ್ತ ಪಡೆದ ರೋಗಿಗಳೊಡನೆ ಹೋಲಿಸಿ ನೋಡಿದರು. ಒಂದು ವರ್ಷದ ನಂತರ ಮೊದಲಿನವರಲ್ಲಿ ನೂರಕ್ಕೆ 95 ಮಂದಿ, ಎರಡನೆಯವರಲ್ಲಿ ನೂರಕ್ಕೆ 89 ಮಂದಿ ಬದುಕಿದ್ದರು! ಇದರಿಂದ ರಕ್ತವೇ ವಿಷವೆಂದು ತಿಳಿಯಬೇಕಾಗಿಲ್ಲ. ರಕ್ತ ಬೇಡವೆಂದವನ ವಿಷಯದಲ್ಲಿ ವೈದ್ಯನು ತಿಂಗಳ ಮೊದಲೇ ಎಚ್ಚರಗೊಳ್ಳುತ್ತಾನೆ. ಕಬ್ಬಿಣಾಂಶವನ್ನೂ, ಕೆಂಪು ಕಣ ಹುಟ್ಟಿಸುವ ಎರಿಥ್ರೊಪೊಯಿಟಿನ್ ಎಂಬ ಚುಚ್ಚುಮದ್ದನ್ನೂ ಕೊಟ್ಟು ಅವನನ್ನು ಸಿದ್ಧಗೊಳಿಸುತ್ತಾನೆ. ಕತ್ತಿಯಾಡಿಸುವಾಗ ಒಂದೊಂದು ನಾಳವನ್ನೂ ಸುಟ್ಟು ಮುಚ್ಚುತ್ತಾನೆ. ಪರೀಕ್ಷೆಗೆಂದು ದಿನಕ್ಕೆ ನಾಲ್ಕು ಸಲ ದೊಡ್ಡ ನಳಿಗೆ ತುಂಬ ರಕ್ತ ಎಳೆಯುವ ಬದಲು ಮಕ್ಕಳ ಪುಟ್ಟ ನಳಿಗೆಯಲ್ಲಿ ಒಮ್ಮೆ ಎಳೆಯುತ್ತಾನೆ. ರಕ್ತ ಬೇಕೆಂದವನ ವಿಷಯದಲ್ಲಿ ಈ ಎಚ್ಚರವೊಂದೂ ಇರುವುದಿಲ್ಲ, ಏಕೆಂದರೆ "ಕಡಿಮೆಯಾದರೆ ಏರಿಸೋಣ" ಎಂಬ ಧೈರ್ಯವಿದೆ.

ಆ ಧೈರ್ಯವು ಎಷ್ಟೋ ವೇಳೆ ಅನಗತ್ಯವೂ ಆಗಿತ್ತು. ಹಿಮೋಗ್ಲೋಬಿನ್ 10ಕ್ಕಿಂತ ಇಳಿದರೆ ರಕ್ತ ಕೊಡಲೇಬೇಕೆಂಬುದು ಬಹುಕಾಲದ ನಿಯಮವಾಗಿತ್ತು. ಕೆನಡಾದಲ್ಲಿ 838 ತೀವ್ರರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯು, ಬಹುಪಾಲು ರೋಗಿಗಳಲ್ಲಿ 7ರವರೆಗೆ ಕಾಯಬಹುದು, ಅದರಿಂದ ಹಾನಿಯಿಲ್ಲ ಎಂದು ತೋರಿಸಿತು. ಇನ್ನು ಕೆಳಗಿಳಿದರೆ? ರಕ್ತವನ್ನು ನಿರಾಕರಿಸಿದ 300 ರೋಗಿಗಳ ಶಸ್ತ್ರಚಿಕಿತ್ಸೋತ್ತರ ಸ್ಥಿತಿಯನ್ನು ಪರಿಶೀಲಿಸಿದ, 2002ರಲ್ಲಿ ಹೊರಬಂದ ಅಧ್ಯಯನವೊಂದು ಹೀಗೆ ಹೇಳುತ್ತದೆ: 7ರಿಂದ 8ರವರೆಗೆ ಇಳಿದವರಲ್ಲಿ ಯಾರೂ ಸಾಯಲಿಲ್ಲ, 4ರಿಂದ 5ರವರೆಗೆ ಇಳಿದವರಲ್ಲಿ ಮೂವರಿಗೊಬ್ಬರಂತೆ ಸತ್ತರು. ಮೂವರಲ್ಲಿ ಇಬ್ಬರು ಉಳಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಒಬ್ಬರು ಹೋದರೆಂಬುದೂ ಅಲ್ಲ. ಅಂಥ ಒಬ್ಬನನ್ನು ರಕ್ತದ ಒಂದೆರಡು ಚೀಲಗಳು ಉಳಿಸುತ್ತಿದ್ದವೆಂಬುದನ್ನು ನಾನು ಮರೆಮಾಚುವುದಿಲ್ಲ. ಸಾಕ್ಷಿ ಪಂಥದ ನಿಯಮವನ್ನು ನಾನು ಒಪ್ಪುವುದೂ ಇಲ್ಲ: ಇನ್ನೊಬ್ಬನು ಸ್ವಸಂತೋಷದಿಂದ ಕೊಟ್ಟ, ಯಾರನ್ನೂ ಕೊಲ್ಲದೆ ಪಡೆದ ನೆತ್ತರಿನಲ್ಲಿ ಪಾಪವಿದೆಯೆಂದು ನನ್ನ ಬುದ್ಧಿಗೆ ಹೊಳೆಯುವುದಿಲ್ಲ. ಒಪ್ಪದ ನಂಬಿಕೆಯವನಿಗೂ ಪೂರ್ತಿ ಮನಸ್ಸಿನಿಂದ ಚಿಕಿತ್ಸೆ ನೀಡುವುದು ವೈದ್ಯಧರ್ಮ ಎಂಬುದಷ್ಟೇ ನನ್ನ ಮಾತು.

ವಾಚಕ ಬಂಧುಗಳೇ, ಇನ್ನು ಹ್ಯೂಸ್ಟನ್ನಿನಿಂದ ನಮ್ಮ ಸೀಮೆಗೆ ಬನ್ನಿರಿ. ಹಿರಿಯೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಜವನಗೊಂಡನಹಳ್ಳಿ ಇದೆ, ಹೋಬಳಿಯ ಊರು. ಹಗಲೂ ರಾತ್ರಿಯೂ ಬೆಂಗಳೂರು–ಪುಣೆಯ ಲಾರಿಗಳು ಅದರ ಮಗ್ಗುಲಲ್ಲಿಯೇ ಓಡುತ್ತವೆ. ಹೆದ್ದಾರಿಯಿಂದ ಒಳಗೆ ಹೊರಳಿದರೆ ಕಡಲೆಕಾಯಿಯ ಹೊಲ, ಬತ್ತಿದ ಕೊಳವೆಬಾವಿ, ಮಳೆಯ ಮುಖ ನೋಡುವ ಜನ. ಇಂಥ ಊರಿನ ಸುತ್ತಲಿನ ಹಟ್ಟಿಯೊಂದರಲ್ಲಿ ನಡುರಾತ್ರಿ ಹೆರಿಗೆಯಾಗಿ ರಕ್ತ ನಿಲ್ಲದೆ ಹೋದರೆ ಆ ಬಾಣಂತಿಗೂ ಹ್ಯೂಸ್ಟನ್ನಿನ ಸಾಕ್ಷಿಗೂ ಏನು ಭೇದ? ಅವಳು ರಕ್ತ ಬೇಡವೆನ್ನಲಿಲ್ಲ. ಆದರೆ ಹೋಬಳಿಗೊಂದು ರಕ್ತನಿಧಿ ಇರುವುದಿಲ್ಲ. ಹಿರಿಯೂರನ್ನು ಮುಟ್ಟಿ, ಅಲ್ಲಿ ಸಾಲದಾದರೆ ಸುಮಾರು 40 ಕಿಲೋಮೀಟರು ದೂರದ ಚಿತ್ರದುರ್ಗವನ್ನು ಮುಟ್ಟಿ, ಗುಂಪು ಹೊಂದಿಸಿ, "ಬದಲಿಗೆ ಕೊಡುವವರನ್ನು ಕರೆತನ್ನಿ" ಎಂಬ ಮಾತು ಕೇಳಿ, ಗಂಡನೂ ಮೈದುನನೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಿಲ್ಲುವ ಹೊತ್ತಿಗೆ ಗಂಟೆಗಳು ಉರುಳಿರುತ್ತವೆ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಂಡರೆ ಬಾಯ್ದೆರೆದ ನಾಳಗಳು ಮುಚ್ಚುತ್ತವೆ. ಬಿಗಿಯದೆ ಸಡಿಲವಾಗಿ ಉಳಿದರೆ ಎಷ್ಟು ಹೊತ್ತಿನ ಮಾತು ಎಂಬುದನ್ನು ತಾವೇ ಲೆಕ್ಕ ಹಾಕಬಹುದು. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ 108ರ ವಾಹನ ಓಡುತ್ತಿದೆ, ಅದು ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ವಾಹನವು ದಾರಿಯನ್ನು ಕಿರಿದಾಗಿಸಲಾರದು.

ಆದುದರಿಂದ ರಕ್ತವಿಲ್ಲದೆ ರಕ್ತಸ್ರಾವವನ್ನು ಗೆಲ್ಲುವ ವಿದ್ಯೆಯು ಜವನಗೊಂಡನಹಳ್ಳಿಗೆ ಬೇಕಾದಷ್ಟು ಹ್ಯೂಸ್ಟನ್ನಿಗೆ ಬೇಕಾಗಿಲ್ಲ. ಆ ವಿದ್ಯೆಯ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ನಮ್ಮವರೇ ಎಂಬುದು ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ, ಅಂದರೆ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕೆಯ ಸಹೋದ್ಯೋಗಿಗಳೊಡನೆ ಕೂಡಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಮನೆಯಲ್ಲಿಯೂ ಉಪಕೇಂದ್ರದಲ್ಲಿಯೂ ಹೆತ್ತ 1620 ತಾಯಂದಿರು ಅದರಲ್ಲಿದ್ದರು. ಅರ್ಧದಷ್ಟು ಮಂದಿಗೆ ಮಗು ಹುಟ್ಟಿದೊಡನೆ ಸಹಾಯಕ ದಾದಿಯು ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ನುಂಗಿಸಿದಳು. ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಗುಳಿಗೆ. ಗುಳಿಗೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾದರೆ, ಪಡೆದವರಲ್ಲಿ 6.4 ಮಂದಿಗೆ ಮಾತ್ರ ಆಯಿತು. ತೀವ್ರ ಸ್ರಾವವು ನೂರಕ್ಕೆ 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಲೋಕಕ್ಕೆ ಸಾರಿತು. ಗರ್ಭಕೋಶವನ್ನು ಬಿಗಿಯುವ ಆಕ್ಸಿಟೋಸಿನ್ ಚುಚ್ಚುಮದ್ದೇ ಉತ್ತಮವಾದರೂ ಅದಕ್ಕೆ ಶೀತಪೆಟ್ಟಿಗೆ ಬೇಕು, ಚುಚ್ಚುವ ಕೈ ಬೇಕು. ಗುಳಿಗೆಗೆ ಅವೆರಡೂ ಬೇಡ.

ಅದೇ ಪರೀಕ್ಷೆಯಲ್ಲಿ ಇನ್ನೊಂದು ಚಿಕ್ಕ ವಸ್ತು ಹುಟ್ಟಿತು. ನನ್ನ ದೃಷ್ಟಿಯಲ್ಲಿ ಗುಳಿಗೆಗಿಂತ ಅದೇ ದೊಡ್ಡದು. ಹೆರಿಗೆಯಾದೊಡನೆ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ಕಿನ ಹಾಳೆ. ಅದರ ತುದಿಯಲ್ಲಿ ಆಲಿಕೆಯಂಥ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ಅಷ್ಟೇ. ಕಣ್ಣಳತೆಯಿಂದ ಹೇಳಿದ ರಕ್ತದ ಪ್ರಮಾಣವು ಈ ಚೀಲದಲ್ಲಿ ಅಳೆದದ್ದಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆ ಎಂದು ಆಗ ಗೊತ್ತಾಯಿತು. ಸೀರೆಗೆ, ಗೋಣಿಗೆ, ನೆಲಕ್ಕೆ ಇಂಗಿದ ನೆತ್ತರನ್ನು ಯಾರು ಅಳೆದಾರು? "ಹೆರಿಗೆಯೆಂದ ಮೇಲೆ ಇಷ್ಟು ಹೋಗುವುದೇ" ಎಂದು ಹೇಳುತ್ತಿರುವಾಗಲೇ ತಾಯಿ ತಣ್ಣಗಾಗಿರುತ್ತಾಳೆ. ಅದೇ ಬಗೆಯ ಅಳತೆಯ ಹಾಳೆಯನ್ನು ಮುಂದಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ ಫಲಿತಾಂಶ 2023ರಲ್ಲಿ ಬಂದಿದೆ. ಅಳತೆ ಮಾಡಿ, ಗೆರೆ ಮುಟ್ಟಿದೊಡನೆ ಗರ್ಭಕೋಶವನ್ನು ನೀವುವುದು, ಬಿಗಿಯುವ ಮದ್ದು, ಟ್ರಾನೆಕ್ಸಾಮಿಕ್ ಆಮ್ಲ, ನಾಳದ ಮೂಲಕ ದ್ರಾವಣ, ಒಳಗಿನ ತಪಾಸಣೆ, ಈ ಎಲ್ಲವನ್ನೂ ಒಂದಾದ ಮೇಲೊಂದರಂತೆ ಕಾಯದೆ ಒಟ್ಟಿಗೇ ಮಾಡಿದಾಗ ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಇವು ಒಟ್ಟಾರೆ ನೂರಕ್ಕೆ 60ರಷ್ಟು ಇಳಿದವು. ಬೆಳಗಾವಿಯ ಹಳ್ಳಿಯಲ್ಲಿ ಹುಟ್ಟಿದ ಉಪಾಯವು ಆಫ್ರಿಕೆಯನ್ನು ಸುತ್ತಿ ಬಂದಿದೆ. ನಮ್ಮ ಮಠಮಾನ್ಯಗಳು ನಡೆಸುವ ಎಷ್ಟು ಹೆರಿಗೆ ಆಸ್ಪತ್ರೆಗಳಲ್ಲಿ ಆ ಹಾಳೆಯಿದೆ ಎಂದು ಕೇಳಿ ನೋಡಿರಿ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಬಹುದು. ಒಮ್ಮೆ ಬಳಸಿ ಎಸೆಯುವ ಚೀಲದ ಮೇಲೆ ಯಾರ ಹೆಸರನ್ನು ಕೆತ್ತಿಸುವುದು?

ಈಗ ಹೇಳಿದ ಟ್ರಾನೆಕ್ಸಾಮಿಕ್ ಆಮ್ಲವನ್ನು ಕುರಿತು ಒಂದು ಮಾತು. ಜಪಾನಿನ ಉಟಾಕೊ ಓಕಾಮೊಟೊ ಎಂಬ ವೈದ್ಯೆ ತಮ್ಮ ಪತಿಯೊಡನೆ ಸಂಶೋಧಿಸಿ 1962ರಲ್ಲಿ ಪ್ರಕಟಿಸಿದ ಮದ್ದು ಇದು. ಗಟ್ಟಿಯಾದ ಹೆಪ್ಪು ಕರಗಿಹೋಗದಂತೆ ತಡೆಯುತ್ತದೆ. ಹೆರಿಗೆಯ ರಕ್ತಸ್ರಾವದಿಂದ ಹೆಂಗಸರು ಸಾಯುವುದನ್ನು ತಪ್ಪಿಸಬೇಕೆಂಬುದೇ ಆಕೆಯ ಹಂಬಲವಾಗಿತ್ತು. ಆದರೆ ಪ್ರಸೂತಿ ವೈದ್ಯರು ಆಗ ಕಿವಿಗೊಡಲಿಲ್ಲ. 40 ದೇಶಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಪರೀಕ್ಷೆ 2010ರಲ್ಲಿಯೂ, 21 ದೇಶಗಳ ಇಪ್ಪತ್ತು ಸಾವಿರ ಬಾಣಂತಿಯರ ಮೇಲೆ ನಡೆದ ಪರೀಕ್ಷೆ 2017ರಲ್ಲಿಯೂ ಆಕೆಯ ಮಾತನ್ನು ನಿಜವಾಗಿಸಿದವು. ಮೂರು ಗಂಟೆಗಳ ಒಳಗೆ ಕೊಡಬೇಕು. ತಡವಾದರೆ ಫಲವಿಲ್ಲ, ಗಾಯಾಳುಗಳಲ್ಲಿ ಹಾನಿಯೂ ಉಂಟು. ಬಾಣಂತಿಯರಲ್ಲಿ ಮೂರು ಗಂಟೆಯೊಳಗೆ ಪಡೆದಾಗ ರಕ್ತಸ್ರಾವದ ಸಾವು ನೂರಕ್ಕೆ 1.7ರಿಂದ 1.2ಕ್ಕೆ ಇಳಿಯಿತು. ಪವಾಡವಲ್ಲ; ಆದರೆ ಬೆಲೆ ಅಲ್ಪ, ರಕ್ತನಿಧಿ ಬೇಡ, ಯಾವ ಧರ್ಮದ ಅಡ್ಡಿಯೂ ಇಲ್ಲ. ಹೆದ್ದಾರಿಯ ಬದಿಯ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿಯೂ ಇದು ಇರಬೇಕಾದದ್ದು, ಗಾಯಾಳುವಿಗೂ ಬಾಣಂತಿಗೂ. ನೆರೆಯ ಢಾಕಾದ ವೈದ್ಯೆ ಸಯೇಬಾ ಅಖ್ತರ್ ಅವರು ಗರ್ಭಕೋಶದೊಳಗೆ ಬಲೂನನ್ನು ಉಬ್ಬಿಸಿ ರಕ್ತ ನಿಲ್ಲಿಸುವ ಬಡವರ ವಿಧಾನವನ್ನು 2003ರಲ್ಲಿ ತಿಳಿಸಿದ್ದಾರೆ, ಅದನ್ನೂ ಕಲಿಯಬೇಕು.

ಇವೆಲ್ಲ ರಕ್ತ ಹರಿಯಲಾರಂಭಿಸಿದ ಮೇಲಿನ ಮಾತು. ಸಾಕ್ಷಿ ರೋಗಿಯ ವೈದ್ಯನು ಮೊದಲೇ ಸಿದ್ಧತೆ ನಡೆಸುತ್ತಾನೆಂದೆನಲ್ಲವೇ? ನಮ್ಮಲ್ಲಿ ಆ ಸಿದ್ಧತೆ ಹೇಗಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿ ರಕ್ತಹೀನರು. ಬಸುರಿಯರಲ್ಲಿಯೂ ನೂರಕ್ಕೆ 45.7. ಹಿಮೋಗ್ಲೋಬಿನ್ 12 ಇರುವ ತಾಯಿ ಒಂದು ಲೀಟರು ರಕ್ತ ಕಳೆದುಕೊಂಡರೂ ಬಹುಶಃ ಎದ್ದು ಕೂರುತ್ತಾಳೆ. 7 ಇರುವವಳು ಅಷ್ಟೇ ಕಳೆದುಕೊಂಡರೆ ಪಾರಾಗುವುದು ಕಷ್ಟ. ಹ್ಯೂಸ್ಟನ್ನಿನಲ್ಲಿ ಯಾರೂ 7ರ ರೋಗಿಯನ್ನು ರಕ್ತವಿಲ್ಲದೆ ಮೇಜಿನ ಮೇಲೆ ಮಲಗಿಸರು. ನಾವು ನಮ್ಮ ಸೊಸೆಯರನ್ನು ಹಾಗೆಯೇ ಹೆರಿಗೆಗೆ ಕಳುಹಿಸುತ್ತೇವೆ. ಸರಕಾರದ ಕಬ್ಬಿಣದ ಗುಳಿಗೆ ಹೊಟ್ಟೆ ತೊಳಸುತ್ತದೆಂದು ಗೂಡಿನಲ್ಲಿ ಉಳಿದಿರುತ್ತದೆ. ಊಟದೊಡನೆಯೇ ಚಹಾ ಕುಡಿದು ಕಬ್ಬಿಣವನ್ನು ಕೆಡಿಸಿಕೊಳ್ಳುತ್ತಾರೆ. ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ಅನೇಕ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಗುಳಿಗೆ ಒಗ್ಗದವಳಿಗೆ ಕಬ್ಬಿಣವನ್ನು ನಾಳದ ಮೂಲಕ ಒಂದೆರಡು ಸಲದಲ್ಲಿ ಕೊಡುವ ಮದ್ದುಗಳು ಬಂದಿವೆ. ಸಸ್ಯಾಹಾರದ ಮನೆಗಳು ಇನ್ನೊಂದನ್ನು ಅವಶ್ಯವಾಗಿ ಗಮನಿಸಬೇಕು: ರಕ್ತ ಕಟ್ಟಲು ಬೇಕಾದ ಬಿ12 ಜೀವಸತ್ವವು ಸೊಪ್ಪು ಕಾಳುಗಳಲ್ಲಿ ಇಲ್ಲ; ನಮಗೆ ಅದು ಹಾಲು, ಮೊಸರು, ಮಜ್ಜಿಗೆಗಳಿಂದಲೇ ಬರಬೇಕು. ಹಾಲನ್ನೆಲ್ಲ ಡೇರಿಗೆ ಹಾಕಿ ಸೊಸೆಗೆ ಕರಿಚಹಾ ಕೊಡುವ ಮನೆಯಲ್ಲಿ ಎಷ್ಟು ಕಬ್ಬಿಣ ನುಂಗಿಸಿದರೂ ರಕ್ತ ಏರುವುದಿಲ್ಲ. ವೈದ್ಯರನ್ನು ಕೇಳಿ ಬಿ12 ಕೊಡಿಸುವುದರಲ್ಲಿ ಸಸ್ಯಾಹಾರದ ವ್ರತಕ್ಕೆ ಕುಂದಿಲ್ಲ. ಔಷಧದ ಬಿ12 ಸೂಕ್ಷ್ಮಾಣುಗಳಿಂದ ತಯಾರಾಗುವಂಥದು.

"ಹಾಗಾದರೆ ರಕ್ತದಾನವೇ ಬೇಡವೆನ್ನುವಿರಾ?" ಎಂದು ಕೇಳುವವರಿಗೆ ಉತ್ತರ ಕೊಡಬೇಕಾಗಿದೆ. ಬೇಕು, ಈಗಿನದಕ್ಕಿಂತ ಹೆಚ್ಚಾಗಿ ಬೇಕು. ಥಲಸೀಮಿಯಾದ ಮಗುವಿಗೆ, ಕ್ಯಾನ್ಸರಿನ ರೋಗಿಗೆ, ನಾಳ ಹರಿದ ಗಾಯಾಳುವಿಗೆ ರಕ್ತಕ್ಕೆ ಪರ್ಯಾಯವಿಲ್ಲ. ಇಲ್ಲದೆಯೂ ಆಗುವಲ್ಲಿ ಉಳಿಸಿದ ಒಂದೊಂದು ಚೀಲವೂ ಇಂಥವರಿಗೆ ಸಲ್ಲುತ್ತದೆ. ರಕ್ತವನ್ನು ಮಾರುವುದನ್ನು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 1998ರ ಜನವರಿ 1ರಿಂದ ನಿಲ್ಲಿಸಲಾಗಿದೆ. ಅಂದಿನಿಂದ ಕೊಡುವವನ ಮನಸ್ಸೊಂದೇ ಆಧಾರ. ಆದರೆ ಗಂಡಸರಲ್ಲಿ "ರಕ್ತ ಕೊಟ್ಟರೆ ನಿಶ್ಶಕ್ತಿ, ಹೊಲದ ಕೆಲಸ ಆಗದು" ಎಂಬ ಭಯ ಬೇರೂರಿದೆ. ಐದು ಲೀಟರಿನಲ್ಲಿ 350 ಮಿಲಿಲೀಟರು ಕೊಟ್ಟವನಿಗೆ ಒಂದೆರಡು ದಿನಗಳಲ್ಲಿ ನೀರಿನ ಪಾಲು ತುಂಬಿಕೊಳ್ಳುತ್ತದೆ, ಕೆಲವು ವಾರಗಳಲ್ಲಿ ಕಣಗಳೂ ತುಂಬಿಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಮತ್ತೆ ಕೊಡಬಹುದು. ಹೆಂಡತಿಯು ಹೆರಿಗೆಯಲ್ಲಿ ಕಳೆದುಕೊಳ್ಳುವುದು ಎಷ್ಟೋ ವೇಳೆ ಇದಕ್ಕಿಂತ ಕಡಿಮೆಯಿಲ್ಲ ಎಂಬುದನ್ನು ಗಂಡಸರು ಒಮ್ಮೆ ಯೋಚಿಸಲಿ. ಸಾಕ್ಷಿಯು ತೆಗೆದುಕೊಳ್ಳಲು ಒಲ್ಲೆನೆನ್ನುತ್ತಾನೆ, ತೆರುವುದು ತನ್ನ ಪ್ರಾಣವನ್ನು. ನಮ್ಮ ಗಂಡಸು ಕೊಡಲು ಒಲ್ಲೆನೆನ್ನುತ್ತಾನೆ, ತೆರುವವಳು ಅವನ ಹೆಂಡತಿ.

ಮಠದ ಭಕ್ತರಲ್ಲಿಯೂ ಆಡಳಿತ ನಡೆಸುವವರಲ್ಲಿಯೂ ನನ್ನ ಬೇಡಿಕೆಗಳು ದೊಡ್ಡವಲ್ಲ. ಬೆಳಗಾವಿ, ದಾವಣಗೆರೆ, ಚಿತ್ರದುರ್ಗ, ಮೈಸೂರು, ತುಮಕೂರುಗಳಲ್ಲಿ ನಮ್ಮ ಸಮಾಜದವರು ಕಟ್ಟಿದ ವೈದ್ಯಕೀಯ ಕಾಲೇಜುಗಳಿವೆ. ರಕ್ತವನ್ನು ಒಲ್ಲದ ರೋಗಿ ಯಾವ ಮತದವನೇ ಆಗಿರಲಿ, ಅವನನ್ನು ಬಾಗಿಲಿನಿಂದ ಹಿಂದಿರುಗಿಸುವುದಿಲ್ಲವೆಂದು ಅವು ಬರೆದು ಹಾಕಲಿ. ಅಂಥ ರೋಗಿಗೆ ಚಿಕಿತ್ಸೆ ನೀಡುವ ಕ್ರಮವನ್ನು ತಮ್ಮ ವಿದ್ಯಾರ್ಥಿಗಳಿಗೆ ಕಲಿಸಲಿ. ಕಲಿತ ವಿದ್ಯಾರ್ಥಿಗಳನ್ನು ಹೋಬಳಿಯ ಆರೋಗ್ಯ ಕೇಂದ್ರಗಳಿಗೆ ಕಳುಹಿಸಿ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಅದನ್ನೇ ಹೇಳಿಕೊಡಲಿ. ಜಾತ್ರೆಯ ದಿನ ರಕ್ತದಾನ ಶಿಬಿರ ನಡೆಸುವ ಪದ್ಧತಿ ಅನೇಕ ಕಡೆ ಬಂದಿದೆ, ಸಂತೋಷ. ಆ ಶಿಬಿರದ ಪಕ್ಕದಲ್ಲಿಯೇ ಇನ್ನೊಂದು ಮೇಜು ಹಾಕಿ ಬಸುರಿಯರಿಗೂ ಮದುವೆಯಾಗಲಿರುವ ಹೆಣ್ಣುಮಕ್ಕಳಿಗೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ಬೆರಳಿನಿಂದ ಒಂದು ಹನಿ ಸಾಕು, ಕೆಲವೇ ನಿಮಿಷಗಳ ಕೆಲಸ. ಅಂಕೆಯನ್ನು ಚೀಟಿಯಲ್ಲಿ ಬರೆದು ಹುಡುಗಿಯ ಕೈಗೆ ಕೊಡುವುದರ ಜೊತೆಗೆ, ಅವಳೊಡನೆ ಬಂದ ಅತ್ತೆಗೂ ಗಂಡನಿಗೂ ಗಟ್ಟಿಯಾಗಿ ಓದಿ ಹೇಳಿರಿ. ಹನ್ನೊಂದಕ್ಕಿಂತ ಕಡಿಮೆ ಬಂದರೆ ಅದೇ ದಿನ ಆರೋಗ್ಯ ಕೇಂದ್ರದ ದಾದಿಗೆ ಹೆಸರು ಬರೆಯಿಸಿರಿ, ಮುಂದಿನ ತಿಂಗಳು ಮತ್ತೆ ನೋಡಿರಿ.